ಪ್ಲೇಗಿನ ಕಾಲದ ಓಣಿಗಳನ್ನು ತೆರವು ಮಾಡಿ

ಮಾನ್ಯರೇ,

ಮಲ್ಲೇಶ್ವರದಲ್ಲಿ ನಮ್ಮ ಮನೆ ಹಿಂದಿನ ಕನ್ಸರ್ವೆನ್ಸಿ ಓಣಿಯಲ್ಲಿ, ಅಂದರೆ ಹಿಂದೆ ಕಕ್ಕಸು ಬಳಿಯಲೆಂದು ಮನೆಗಳ ಹಿತ್ತಲಿಗೆ ಬಿಟ್ಟ ಸಂದಿಯಲ್ಲಿ, ಈಗ ಒಂದು ಜನರೇಟರ್, ಎರಡು ತಗಡಿನ ಶೆಡ್ಡು, ಯಾವುದೋ ಹೋಟೆಲಿನ ಎಣ್ಣೆ ಡಬ್ಬಗಳು ಬಿದ್ದಿವೆ. ಪಾಲಿಕೆಗೆ ದೂರು ಕೊಟ್ಟರೆ, ‘ಯಾರೂ ಓಡಾಡದ ಸಂದಿ ಅಲ್ವಾ ಸಾರ್, ಬಿಟ್ಹಾಕಿ’ ಎಂದರು. ನಾನು ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ನಿವೃತ್ತನಾದವನು. ಸುಮ್ನೆ ಇರಲು ಆಗಲಿಲ್ಲ. ಈ ಓಣಿಗಳ ಹಿಂದೆ ಒಂದು ಕಥೆಯಿದೆ.

1898ರ ಆಗಸ್ಟಿನಲ್ಲಿ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲು ಹತ್ತಿ ಬೆಂಗಳೂರಿಗೆ ಬಂತು. ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಕಿಟಕಿ ಕಮ್ಮಿ. ಪಕ್ಕದಲ್ಲೇ ಕಾಳಿನ ಮಂಡಿ, ಕಾಳಿದ್ದ ಕಡೆ ಇಲಿ. ಇಲಿ ಸತ್ತು ಬಿತ್ತು ಅಂದರೆ ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದವರಲ್ಲಿ ಉಳಿದವರು ಕಮ್ಮಿ. ಸಾವಿರಾರು ಜನ ಸತ್ತರು. ಅಷ್ಟಕ್ಕೇ ಮುಗಿಯಲಿಲ್ಲ, 1900 ದಾಟಿದ ಮೇಲೂ ಪ್ಲೇಗು ಮತ್ತೆ ಮತ್ತೆ ಬಂತು. 1918ರಲ್ಲಿ ಇನ್‌ಫ್ಲುಯೆಂಜಾ ಬೇರೆ. ಪ್ಲೇಗಮ್ಮನ ಗುಡಿಗೆ ಇಲ್ಲಿ ಇಂದಿಗೂ ಪೂಜೆ ನಡೆಯುತ್ತದೆ.

ಮಲ್ಲೇಶ್ವರ, ಬಸವನಗುಡಿ ಬೇಗ ಬೇಗ ಬೆಳೆದದ್ದು ಈ ಸಾವುಗಳ ಬೆನ್ನಿಗೇ. ಅಗಲ ರಸ್ತೆ, ಮನೆ ಸುತ್ತ ಜಾಗ, ಹಿತ್ತಲಿಗೆ ಓಣಿ. ಕಕ್ಕಸು ಬಳಿಯುವವರು ಬಂದು ಹೋಗಲೆಂದು ಬಿಟ್ಟ ಓಣಿ ಅದು. ಅವರು ಮುಂಬಾಗಿಲಿಗೆ ಬರಕೂಡದು ಎಂಬ ಲೆಕ್ಕವೂ ಅದರಲ್ಲಿತ್ತು. ಹೆಮ್ಮೆಪಡುವ ಸಂಗತಿಯೇನಲ್ಲ, ಮುಚ್ಚಿಡಲೂಬಾರದು. ಆಗಿನವರಿಗೆ ಗಾಳಿ ಬೆಳಕಿನದೇ ಚಿಂತೆ. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹಬ್ಬುತ್ತದೆ ಎಂದು ಸಿಮೋಂ ಎಂಬ ಫ್ರೆಂಚ್ ವೈದ್ಯ ಹೇಳಿದ್ದೂ ಅದೇ 1898ರಲ್ಲಿ. ದೊಡ್ಡ ದೊಡ್ಡ ಡಾಕ್ಟರುಗಳು ಅದನ್ನು ಒಪ್ಪಲು ವರ್ಷಗಳೇ ಹಿಡಿದವು.

ಈಗ ನಮ್ಮ ಓಣಿಯಲ್ಲಿ ಇಲಿ ಜಾಸ್ತಿ. ಅನ್ನ ಚೆಲ್ಲಿದ ಕಡೆ ಹಾಡಹಗಲೇ ಓಡಾಡುತ್ತವೆ, ಕಲ್ಲೆಸೆದರೂ ಕದಲುವುದಿಲ್ಲ. ಪ್ಲೇಗು ಬಂದೀತು ಎಂದು ಹೆದರಿಸುತ್ತಿಲ್ಲ, ಅದಕ್ಕೆ ಆಂಟಿಬಯಾಟಿಕ್ ಇದೆ. ಆದರೆ ಇಲಿಜ್ವರ ಎಲ್ಲೂ ಹೋಗಿಲ್ಲ. ಮಳೆಗಾಲದಲ್ಲಿ ಇಲಿ ಉಚ್ಚೆ ಬೆರೆತ ನೀರಿಗೆ ಕಾಲಿಡುವವರು ನಾವಲ್ಲ, ಪೌರಕಾರ್ಮಿಕರು.

ಪಾಲಿಕೆಯವರು ಹಳೇ ನಕ್ಷೆ ತೆಗೆದು ಈ ಓಣಿಗಳನ್ನು ಅಳತೆ ಮಾಡಲಿ. ಮಳೆಗೆ ಮುಂಚೆ ಶೆಡ್ಡುಗಳನ್ನು ಎತ್ತಿಸಲಿ. ಪಾರ್ಕಿಂಗಿಗೋ ಫುಡ್ ಸ್ಟ್ರೀಟಿಗೋ ಕೊಡುವ ಯೋಚನೆಯಿದ್ದರೆ, ಮೊದಲು ಅಲ್ಲಿನ ಚರಂಡಿ ಎಲ್ಲಿಗೆ ಹೋಗುತ್ತದೆ ಎಂದು ಒಮ್ಮೆ ಇಳಿದು ನೋಡಲಿ.

– ನಿವೃತ್ತ ಆರೋಗ್ಯ ನಿರೀಕ್ಷಕ, ಮಲ್ಲೇಶ್ವರ, ಬೆಂಗಳೂರು