ಗೆದ್ದಿದ್ದೇವೆ, ಆದರೂ ಆ ಕೆಂಪು ಕಾರ್ಡ್‌ಗೆ ಉತ್ತರ ಬೇಕು

ಮಾನ್ಯ ಸಂಪಾದಕರೇ,

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ ಕಂಚು ಗೆದ್ದಿದೆ. ಟೋಕಿಯೊ ಆದ ಮೇಲೆ ಇದು ಸತತ ಎರಡನೇ ಪದಕ. ಹೀಗೆ ಬೆನ್ನಿಗೆ ಬೆನ್ನು ಪದಕ ಬಂದು ಐವತ್ತು ವರ್ಷ ದಾಟಿತ್ತು. ಕೊನೆಯ ಸಲ ಹಾಗೆ ಬಂದದ್ದು 1968ರಲ್ಲಿ, ಆಮೇಲೆ 1972ರಲ್ಲಿ. ಆ ಮ್ಯೂನಿಕ್ ತಂಡದಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದರು. ಈ ಸಲದ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇರಲಿಲ್ಲ. ಆದರೂ ನಮ್ಮ ಕಡೆ ಜನ ಒಂದು ಪಂದ್ಯವನ್ನೂ ಬಿಡದೆ ನೋಡಿದ್ದಾರೆ. ಮಳೆಗೆ ಕರೆಂಟ್ ಹೋದಾಗ ಮೊಬೈಲ್ ಹಿಡಿದು ನಾಲ್ಕು ನಾಲ್ಕು ಜನ ಒಟ್ಟಿಗೆ ಕೂತು ನೋಡಿದ್ದಾರೆ.

ಆಗಸ್ಟ್ 4ರ ಭಾನುವಾರ ಗ್ರೇಟ್ ಬ್ರಿಟನ್ ವಿರುದ್ಧದ ಕ್ವಾರ್ಟರ್ ಫೈನಲ್‌ನಲ್ಲಿ ನಮ್ಮ ರಕ್ಷಣಾ ಆಟಗಾರ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಕೊಟ್ಟರಲ್ಲ, ಕಂಚಿನ ಖುಷಿಯಲ್ಲಿ ಆ ವಿಷಯ ಮುಚ್ಚಿಹೋಗುತ್ತಿದೆ. ಹಾಗಾಗಬಾರದು ಅಂತಲೇ ಈ ಪತ್ರ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹೋಬಳಿ, ತಾಲ್ಲೂಕು ಮಟ್ಟದ ಹಾಕಿ ಪಂದ್ಯಗಳಿಗೆ ವಿಸಿಲ್ ಹಿಡಿದು ನಿಲ್ಲುವವಳು. ಹಾಗಾಗಿ ಅಂಪೈರ್‌ಗಳ ಕಷ್ಟ ಗೊತ್ತು. ಅವರನ್ನು ಬೈಯಲು ಇದನ್ನು ಬರೆಯುತ್ತಿಲ್ಲ.

ಪಂದ್ಯ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. 17ನೇ ನಿಮಿಷ. ರೋಹಿದಾಸ್ ಮಧ್ಯ ಮೈದಾನದಲ್ಲಿ ಚೆಂಡು ಹಿಡಿದು ಮುಂದೆ ಹೋಗುತ್ತಿದ್ದರು. ಬ್ರಿಟನ್‌ನ ವಿಲ್ ಕ್ಯಾಲ್ನನ್ ಅವರ ಮೈಗೆ ಅಂಟಿಕೊಂಡೇ ಬರುತ್ತಿದ್ದರು. ರೋಹಿದಾಸ್ ಅವರನ್ನು ತಪ್ಪಿಸಿ ಹೊರಳುವಾಗ ಸ್ಟಿಕ್ ಮೇಲೆದ್ದು ಕ್ಯಾಲ್ನನ್ ಮುಖಕ್ಕೆ ತಾಗಿತು. ಮೈದಾನದಲ್ಲಿದ್ದ ಅಂಪೈರ್ ಕೂಡಲೇ ಕೆಂಪು ಕಾರ್ಡ್ ತೆಗೆಯಲಿಲ್ಲ. ವಿಡಿಯೊ ಅಂಪೈರ್ ನೋಡಿದ ಮೇಲೆ ತೆಗೆದರು. ಇನ್ನೂ 40 ನಿಮಿಷಕ್ಕಿಂತ ಜಾಸ್ತಿ ಆಟ ಬಾಕಿ ಇತ್ತು. ಹಾಕಿಯಲ್ಲಿ ಕೆಂಪು ಕಾರ್ಡ್ ಬಿದ್ದರೆ ಬದಲಿ ಆಟಗಾರನನ್ನು ಇಳಿಸುವ ಹಾಗಿಲ್ಲ. ಹನ್ನೊಂದರ ಬದಲು ಹತ್ತೇ ಜನ ಆಡಬೇಕು.

ಆ ಹತ್ತು ಜನ ಹೇಗೆ ಆಡಿದರು! 22ನೇ ನಿಮಿಷಕ್ಕೆ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರ್‌ನಲ್ಲಿ (ಎದುರಾಳಿ ತನ್ನ ಗೋಲಿನ ಹತ್ತಿರ ತಪ್ಪು ಮಾಡಿದಾಗ ಸಿಗುವ ಹೊಡೆತ) ಗೋಲು ಹೊಡೆದರು. 27ನೇ ನಿಮಿಷಕ್ಕೆ ಲೀ ಮಾರ್ಟನ್ ಸಮ ಮಾಡಿದರು. ಆಮೇಲೆ ಪೂರ್ತಿ ಎರಡು ಕ್ವಾರ್ಟರ್, ಅಂದರೆ ಅರ್ಧ ಗಂಟೆ, ಬ್ರಿಟನ್‌ನವರು ನಮ್ಮ ಡಿ (ಗೋಲಿನ ಮುಂದಿನ ಅರ್ಧವೃತ್ತ) ಬಿಟ್ಟು ಕದಲಲಿಲ್ಲ, ಗೋಲ್‌ಕೀಪರ್ ಶ್ರೀಜೇಶ್ ಒಂದನ್ನೂ ಒಳಗೆ ಬಿಡಲಿಲ್ಲ. 1-1. ಆಮೇಲೆ ಶೂಟೌಟ್, ಅಂದರೆ ಒಬ್ಬೊಬ್ಬರೇ ಎಂಟು ಸೆಕೆಂಡಿನೊಳಗೆ ಗೋಲ್‌ಕೀಪರನ್ನು ದಾಟಿ ಗೋಲು ಹೊಡೆಯಬೇಕು. ಅದರಲ್ಲಿ ಹರ್ಮನ್‌ಪ್ರೀತ್, ಸುಖ್‌ಜೀತ್, ಲಲಿತ್, ಕೊನೆಗೆ ರಾಜ್‌ಕುಮಾರ್ ಪಾಲ್, ನಾಲ್ಕಕ್ಕೆ ನಾಲ್ಕೂ ಗೋಲು. 4-2. ನಾನು ಹಾಕಿ ನೋಡಲು ಶುರು ಮಾಡಿದ ಮೇಲೆ ಇಂಥ ಗೆಲುವು ಕಂಡಿಲ್ಲ.

ಜಗಳ ಶುರುವಾಗಿದ್ದು ಗೆದ್ದ ಮೇಲೆಯೇ. ನಮ್ಮೂರ ಹೋಟೆಲಿನಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ ವಾರವಿಡೀ ಇದೇ ಮಾತು. ಹಿಂದೆ ಜಿಲ್ಲೆಗೆ ಆಡಿದ ಹಿರಿಯರೊಬ್ಬರು ನನಗೇ ಹೇಳಿದರು: ‘ಗೆದ್ದಾಯ್ತಲ್ಲ ಟೀಚರ್, ಇನ್ಯಾಕೆ ಅದನ್ನೇ ಹಿಡ್ಕೊಂಡು ಕೂರ್ತೀರಿ? ಗೆದ್ದವರು ದೂರು ಹೇಳಿದರೆ ಚೆನ್ನಾಗಿರಲ್ಲ.’ ಅವರ ಮೇಲೆ ನನಗೆ ತುಂಬಾ ಗೌರವ. ಆದರೆ ಈ ಮಾತನ್ನು ಒಪ್ಪಲಾರೆ.

2022ರ ಬರ್ಮಿಂಗ್‌ಹ್ಯಾಮ್ ನೆನಪು ಮಾಡಿಕೊಳ್ಳಿ. ಕಾಮನ್‌ವೆಲ್ತ್ ಕ್ರೀಡಾಕೂಟದ ಸೆಮಿಫೈನಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಆಸ್ಟ್ರೇಲಿಯಾ ಜೊತೆ ಶೂಟೌಟ್ ಆಡುತ್ತಿದ್ದರು. ಆಸ್ಟ್ರೇಲಿಯಾದ ಮೊದಲ ಯತ್ನವನ್ನು ನಮ್ಮ ಗೋಲ್‌ಕೀಪರ್ ಸವಿತಾ ತಡೆದರು. ಅಷ್ಟರಲ್ಲಿ ಎಂಟು ಸೆಕೆಂಡಿನ ಗಡಿಯಾರವೇ ಶುರುವಾಗಿರಲಿಲ್ಲ ಎಂದು ಅದನ್ನು ಮತ್ತೆ ಆಡಿಸಿದರು. ಎರಡನೇ ಸಲ ಗೋಲಾಯಿತು. ನಮ್ಮವರ ಮನಸ್ಸು ಅಲ್ಲೇ ಮುರಿಯಿತು, 3-0ಯಿಂದ ಸೋತರು. ಆಮೇಲೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ಕ್ಷಮೆ ಕೇಳಿತು. ಕ್ಷಮೆಯಿಂದ ಫೈನಲ್ ವಾಪಸ್ ಬರಲಿಲ್ಲ. ಆಗ ದೂರಿದವರಿಗೆ ‘ಸೋತಿದ್ದಕ್ಕೆ ನೆಪ ಹುಡುಕ್ತಿದ್ದಾರೆ’ ಅಂದವರೂ ಇದ್ದರು. ಸೋತಾಗ ಕೇಳಿದರೆ ನೆಪ, ಗೆದ್ದಾಗ ಕೇಳಿದರೆ ದುರಾಸೆ. ಹಾಗಾದರೆ ಕೇಳುವುದು ಯಾವಾಗ? ನನ್ನ ಪ್ರಕಾರ ಗೆದ್ದಾಗಲೇ ಕೇಳಬೇಕು. ಫಲಿತಾಂಶ ಬದಲಿಸಿ ಅಂತ ನಾವು ಕೇಳುತ್ತಿಲ್ಲ ಎನ್ನುವುದು ಆಗ ಎಲ್ಲರಿಗೂ ಗೊತ್ತಿರುತ್ತದೆ.

ಇನ್ನೊಂದು, ಆ ಕಾರ್ಡ್‌ನಿಂದ ನಮಗೆ ನಷ್ಟವೇ ಆಗಲಿಲ್ಲ ಅನ್ನುವುದು ತಪ್ಪು. ಕೆಂಪು ಕಾರ್ಡ್ ಜೊತೆಗೆ ರೋಹಿದಾಸ್‌ಗೆ ಒಂದು ಪಂದ್ಯದ ನಿಷೇಧ ಬಂತು. ದೇಶದ ಹಾಕಿ ಸಂಸ್ಥೆಯಾದ ಹಾಕಿ ಇಂಡಿಯಾ ಮೇಲ್ಮನವಿ ಹಾಕಿತು, ಅದನ್ನು ತಳ್ಳಿಹಾಕಿದರು. ಆಗಸ್ಟ್ 6ರಂದು ಜರ್ಮನಿ ವಿರುದ್ಧದ ಸೆಮಿಫೈನಲ್‌ಗೆ ಬದಲಿ ಆಟಗಾರರೂ ಸೇರಿ ನಮ್ಮದು 16ರ ಬದಲು 15 ಜನರ ತಂಡ. 3-2ರಿಂದ ಸೋತೆವು.

ರೋಹಿದಾಸ್ ಇಲ್ಲದಿರುವುದು ಅಂದರೆ ಏನು ಅಂತ ಹಾಕಿ ಆಡಿದವರಿಗೆ ಗೊತ್ತು. ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್‌ಕೀಪರ್ ಜೊತೆ ನಾಲ್ವರು ಗೋಲಿನ ಗೆರೆಯ ಹಿಂದೆ ನಿಲ್ಲುತ್ತಾರೆ. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್. ಚೆಂಡು ಹೊರಬಿದ್ದ ಕ್ಷಣ ಒಬ್ಬ ನೇರವಾಗಿ ಡ್ರ್ಯಾಗ್‌ಫ್ಲಿಕ್ (ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿಗೆ ಚಿಮ್ಮಿಸುವುದು) ಹೊಡೆಯುವವನ ಕಡೆಗೇ ಓಡುತ್ತಾನೆ. ಕಲ್ಲಿನಂಥ ಚೆಂಡು ತೊಡೆಗೋ ಹೊಟ್ಟೆಗೋ ಬೀಳಬಹುದು ಅಂತ ಗೊತ್ತಿದ್ದೂ ಓಡಬೇಕು. ಫಸ್ಟ್ ರಷರ್ ಅನ್ನುತ್ತೇವೆ. ನಮ್ಮ ತಂಡದಲ್ಲಿ ಆ ಕೆಲಸ ರೋಹಿದಾಸ್ ಅವರದು. ಟೋಕಿಯೊದಲ್ಲಿ ಇದೇ ಜರ್ಮನಿ ವಿರುದ್ಧ ಕೊನೆಯ ಸೆಕೆಂಡುಗಳಲ್ಲಿ ಪೆನಾಲ್ಟಿ ಕಾರ್ನರ್ ಬಂದಾಗಲೂ ಓಡಿದ್ದು ಅವರೇ. ಪ್ಯಾರಿಸ್ ಸೆಮಿಫೈನಲ್‌ನಲ್ಲಿ ಜರ್ಮನಿಯ ಮೊದಲ ಗೋಲು ಪೆನಾಲ್ಟಿ ಕಾರ್ನರ್‌ನಲ್ಲೇ ಬಂತು. ರೋಹಿದಾಸ್ ಇದ್ದಿದ್ದರೆ ಅದು ಗೋಲಾಗುತ್ತಲೇ ಇರಲಿಲ್ಲ ಅಂತ ನಾನು ಹೇಳಲ್ಲ. ಆದರೆ ಅಲ್ಲಿ ಇರಬೇಕಾದವರು ಇರಲಿಲ್ಲ.

ಇನ್ನು ಆ ನಿರ್ಧಾರದ ವಿಷಯ. ನಮ್ಮ ಶಾಲೆಯ ಹುಡುಗಿಯರೂ ಕೇಳಿದರು: ‘ಮಿಸ್, ಅದು ಯೆಲ್ಲೊ ಅಲ್ವಾ?’ ನನ್ನ ಉತ್ತರ ಅವರಿಗೂ ಇಲ್ಲಿಗೂ ಒಂದೇ. ತಪ್ಪು ಇತ್ತು. ಸ್ಟಿಕ್ ಅಷ್ಟು ಮೇಲೆ ಬರಬಾರದು, ಮುಖಕ್ಕೆ ತಾಗಿದ ಮೇಲೆ ಕಾರ್ಡ್ ತೆಗೆಯಲೇಬೇಕು. ಹಾಕಿಯಲ್ಲಿ ಹಲ್ಲು, ಕಣ್ಣು ಕಳೆದುಕೊಂಡವರಿದ್ದಾರೆ. ಈ ನಿಯಮದಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವವಳಲ್ಲ. ಆದರೆ ಹಸಿರು ಕಾರ್ಡ್‌ಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ, ಬೇಕಾದರೆ ಜಾಸ್ತಿ. ಕೆಂಪು ಅಂದರೆ ಆ ಪಂದ್ಯವೇ ಮುಗಿಯಿತು. ಹಳದಿಗೂ ಕೆಂಪಿಗೂ ನಡುವಿನ ಅಂತರ ಇಷ್ಟು ದೊಡ್ಡದಿರುವಾಗ ಕೆಂಪು ಕೊಡಲು ಬೇಕಂತಲೇ ಹೊಡೆದದ್ದು ಅಥವಾ ಎದುರಿನವರ ಮೈಮೇಲೆ ಕಾಳಜಿಯೇ ಇಲ್ಲದ್ದು ಸ್ಪಷ್ಟವಾಗಿ ಕಾಣಬೇಕು. ಅಲ್ಲಿ ನನಗೆ ಅದು ಕಾಣಲಿಲ್ಲ. ಹೊರಳುವ ರಭಸದಲ್ಲಿ ಕೈ ಎದ್ದದ್ದು ಕಂಡಿತು. ನಾನಾಗಿದ್ದರೆ ಹಳದಿ ತೆಗೆದು ಹತ್ತು ನಿಮಿಷ ಕೂರಿಸುತ್ತಿದ್ದೆ.

ವಿಡಿಯೊ ನೋಡಿ ಕೊಟ್ಟದ್ದಲ್ವಾ, ವಿಡಿಯೊ ಸುಳ್ಳು ಹೇಳುತ್ತಾ ಅಂತ ಕೇಳುತ್ತಾರೆ. ಕಳೆದ ವರ್ಷದ ತಾಲ್ಲೂಕು ಪಂದ್ಯದಲ್ಲಿ ನಡೆದದ್ದು ಹೇಳುತ್ತೇನೆ. ಚೆಂಡು ಹೊಡೆದ ಹುಡುಗಿಯ ಸ್ಟಿಕ್ ಹಾಗೇ ಮುಂದೆ ಬೀಸಿ ಇನ್ನೊಬ್ಬಳ ಭುಜಕ್ಕೆ ತಗುಲಿತು. ನಾನು ಹಸಿರು ಕಾರ್ಡ್ ಕೊಟ್ಟೆ. ಪಂದ್ಯ ಮುಗಿದ ಮೇಲೆ ಪೆಟ್ಟು ತಿಂದವಳ ಅಪ್ಪ ಮೊಬೈಲ್ ಹಿಡಿದು ಬಂದರು. ಅದನ್ನು ನಿಧಾನಕ್ಕೆ ಓಡಿಸಿ ತೋರಿಸಿದರು. ‘ನೋಡಿ ಮಿಸ್, ಇಲ್ಲಿ ನೋಡ್ತಾಳೆ, ಇಲ್ಲಿ ಎತ್ತುತಾಳೆ, ಇಲ್ಲಿ ಇಳಿಸ್ತಾಳೆ. ಬೇಕಂತಲೇ ಹೊಡೆದಿದ್ದು.’ ನಿಧಾನಕ್ಕೆ ನೋಡಿದರೆ ನಿಜವಾಗಿಯೂ ಹಾಗೇ ಕಾಣುತ್ತಿತ್ತು! ಅವಳಿಗೆ ಯೋಚಿಸಲು ಬೇಕಾದಷ್ಟು ಸಮಯ ಇತ್ತು ಅನ್ನಿಸುವ ಹಾಗೆ. ‘ಈಗ ಅದನ್ನೇ ಮಾಮೂಲಿ ವೇಗದಲ್ಲಿ ಹಾಕಿ’ ಅಂದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಯಿತು. ಅವರೂ ಸುಮ್ಮನಾದರು.

ಸ್ಟಿಕ್ ಎಲ್ಲಿಗೆ ತಾಗಿತು ಅನ್ನುವುದನ್ನು ನಿಧಾನದ ವಿಡಿಯೊದಲ್ಲಿ ನೋಡಲಿ, ಅದಕ್ಕೆ ಅದು ಬೇಕೇ ಬೇಕು. ಬೇಕಂತಲೇ ತಾಗಿಸಿದರಾ ಅನ್ನುವುದನ್ನು ಆಟದ ವೇಗದಲ್ಲೇ ನೋಡಬೇಕು. ಕೆಂಪು ಕಾರ್ಡ್ ಕೊಡುವ ಮೊದಲು ವಿಡಿಯೊ ಅಂಪೈರ್ ಇದನ್ನು ಕಡ್ಡಾಯವಾಗಿ ಮಾಡಬೇಕು ಎಂಬ ನಿಯಮ ಬರಲಿ. ಇದಕ್ಕೆ ಹೆಚ್ಚು ಖರ್ಚೂ ಇಲ್ಲ.

ಎರಡನೆಯದು ಇನ್ನೂ ಮುಖ್ಯ. ಹಾಕಿ ಇಂಡಿಯಾ ಪಂದ್ಯ ಗೆದ್ದ ಮೇಲೂ ಸುಮ್ಮನಾಗದೆ ಅಧಿಕೃತವಾಗಿ ದೂರು ಕೊಟ್ಟಿತು. ವಿಡಿಯೊ ನೋಡಿ ಕೊಡುವ ತೀರ್ಪು ಒಂದೊಂದು ಸಲ ಒಂದೊಂದು ಥರ ಇದೆ ಎಂದಿತು. ಶೂಟೌಟ್ ವೇಳೆ ಬ್ರಿಟನ್ ಗೋಲ್‌ಕೀಪರ್‌ಗೆ ಗೋಲಿನ ಹಿಂದಿನಿಂದ ಹೇಳಿಕೊಡುತ್ತಿದ್ದರು, ಗೋಲ್‌ಕೀಪರ್ ವಿಡಿಯೊ ಟ್ಯಾಬ್ಲೆಟ್ ಬಳಸಿದರು ಎಂದೂ ಹೇಳಿತು. ಗೆದ್ದ ತಂಡ ಹೀಗೆ ದೂರು ಕೊಟ್ಟದ್ದಕ್ಕೆ ನಾನು ಹಾಕಿ ಇಂಡಿಯಾವನ್ನು ಮೆಚ್ಚುತ್ತೇನೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಕ್ಕಳು ಅಂಕ ಕಮ್ಮಿ ಬಂತು ಅನ್ನಿಸಿದರೆ ಉತ್ತರಪತ್ರಿಕೆಯ ಪ್ರತಿ ತರಿಸಿಕೊಂಡು ನೋಡಬಹುದು, ಮರುಮೌಲ್ಯಮಾಪನ ಕೇಳಬಹುದು. ಒಲಿಂಪಿಕ್ಸ್ ಆಟಗಾರನ ಪಾಲಿಗೆ ಅಷ್ಟೂ ಬೇಡವೇ? ಮೂರು ವರ್ಷ ಕಾದು ಬಂದ ಸೆಮಿಫೈನಲ್ ತಪ್ಪಿಸಿದ ಮೇಲೆ, ‘ನಾವು ಇಂಥದ್ದನ್ನು ನೋಡಿದೆವು, ಅದಕ್ಕೆ ಇದು ಹಳದಿ ಅಲ್ಲ, ಕೆಂಪು’ ಎಂದು ಒಂದು ಪುಟ ಬರೆದು ಎಲ್ಲರೂ ಓದುವಂತೆ ಹಾಕಬೇಕು. ಮುಂದಿನ ಸಲ ಬೇರೆ ದೇಶದ ಆಟಗಾರ ಇದೇ ತಪ್ಪು ಮಾಡಿದಾಗ ಆ ಪುಟವನ್ನು ಪಕ್ಕಕ್ಕಿಟ್ಟು ಹೋಲಿಸಬಹುದು. ನಮ್ಮಂಥ ಸಣ್ಣ ಪಂದ್ಯಗಳ ಅಂಪೈರ್‌ಗಳಿಗೂ ಅದೇ ಪಾಠ ಆಗುತ್ತದೆ.

ಹುಡುಗರಿಗೂ ಒಂದು ಮಾತು. ಆ ವಾರ ಮೊಬೈಲ್‌ಗಳಲ್ಲಿ ಅಂಪೈರ್‌ಗಳ ಬಗ್ಗೆ ಹರಿದಾಡಿದ್ದನ್ನು ಓದಿ ನನಗೆ ಬೇಜಾರಾಯಿತು. ದುಡ್ಡು ತಿಂದಿದ್ದಾರೆ, ಬ್ರಿಟನ್ನಿನವರ ಏಜೆಂಟರು, ಇನ್ನೂ ಬರೆಯಬಾರದ್ದೆಲ್ಲ. ಯಾವ ಆಧಾರವೂ ಇಲ್ಲದೆ ಹೀಗೆ ಬರೆದರೆ ನಿಜವಾದ ಪ್ರಶ್ನೆಗೂ ಬೆಲೆ ಹೋಗುತ್ತದೆ. ಕೊಡಗಿನಲ್ಲಿ ನಾವು ಬೆಳೆದದ್ದು ಹಾಗಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಸೇರಿ ಗಿನ್ನೆಸ್ ದಾಖಲೆಗೆ ಹೋಯಿತು. ಅಜ್ಜಂದಿರು, ಸೊಸೆಯಂದಿರು, ಮಕ್ಕಳು ಒಂದೇ ತಂಡದಲ್ಲಿ ಆಡುತ್ತಾರೆ. ತೀರ್ಪಿನ ಮೇಲೆ ಅಲ್ಲೂ ಮಾತು ಬರುತ್ತದೆ, ಜೋರಾಗಿಯೇ ಬರುತ್ತದೆ. ವಿಸಿಲ್ ಹಿಡಿದವರ ಹತ್ತಿರ ಹೋಗಿ ಯಾಕೆ ಹೀಗೆ ಕೊಟ್ಟಿರಿ ಅಂತ ಕೇಳುವವರನ್ನು ನೋಡಿದ್ದೇನೆ. ಅವರು ಕಾರಣ ಹೇಳುವುದನ್ನೂ ನೋಡಿದ್ದೇನೆ.

ಸಂಪಾದಕರೇ, ನಿಮ್ಮ ಕ್ರೀಡಾಪುಟದವರಲ್ಲಿ ಒಂದು ಕೋರಿಕೆ. ಹಾಕಿ ಇಂಡಿಯಾದ ದೂರಿಗೆ ಅಂತರರಾಷ್ಟ್ರೀಯ ಫೆಡರೇಷನ್ ಏನು ಹೇಳಿತು ಅಂತ ದಯವಿಟ್ಟು ಕೇಳಿ ತಿಳಿದು ಪ್ರಕಟಿಸಿ. ಕೆಂಪು ಕಾರ್ಡ್‌ಗೆ, ಟ್ಯಾಬ್ಲೆಟ್‌ಗೆ, ಗೋಲಿನ ಹಿಂದಿನ ತರಬೇತಿಗೆ, ಮೂರಕ್ಕೂ ಬೇರೆ ಬೇರೆ ಉತ್ತರ ಬೇಕು. ಪದಕದ ಸುದ್ದಿ ಮುಖಪುಟದಲ್ಲಿ ಬಂತು, ಸಂತೋಷ. ಇದು ಒಳಪುಟದ ಮೂಲೆಯಲ್ಲಿ ಬಂದರೂ ಸಾಕು, ನಾವು ಹುಡುಕಿ ಓದುತ್ತೇವೆ.

ಇಂತಿ,
ಹಾಕಿ ಅಭಿಮಾನಿ, ದೈಹಿಕ ಶಿಕ್ಷಣ ಶಿಕ್ಷಕಿ
ಪೊನ್ನಂಪೇಟೆ ತಾಲ್ಲೂಕು, ಕೊಡಗು