ಪುಟ ತೆರೆದವರ ಲೆಕ್ಕವೇ ಓದಿದವರ ಲೆಕ್ಕವಲ್ಲ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಜಾಲತಾಣಗಳಲ್ಲಿ ಯಾವ ಬರಹ ಮುಖಪುಟದಲ್ಲಿ ಉಳಿಯಬೇಕು, ಯಾವುದು ಸಂಜೆಯೊಳಗೆ ಕೆಳಗೆ ಸರಿಯಬೇಕು ಎಂಬುದನ್ನು ‘ಪೇಜ್ ವ್ಯೂ’ (ಪುಟ ಎಷ್ಟು ಬಾರಿ ತೆರೆಯಿತು ಎಂಬ ಲೆಕ್ಕ) ನೋಡಿ ತೀರ್ಮಾನಿಸುವ ರೂಢಿ ಬಲಗೊಳ್ಳುತ್ತಿರುವಂತೆ ಕಾಣುತ್ತದೆ. ಆ ಸಂಖ್ಯೆಗೆ ಇಷ್ಟು ಅಧಿಕಾರ ಕೊಡುವುದು ತಪ್ಪೆಂದು ನನ್ನ ಅಭಿಪ್ರಾಯ.

ಪುಟ ತೆರೆದುಕೊಳ್ಳುತ್ತಿದ್ದಂತೆ ಅದರಲ್ಲಿ ಸೇರಿಸಿರುವ ಜಾವಾಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ತುಣುಕು, ಭೇಟಿಗಳ ಲೆಕ್ಕ ಇಡುವ ಅನಲಿಟಿಕ್ಸ್ ಸರ್ವರಿಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಗೆ ಒಂದು ವೀಕ್ಷಣೆ ಜಮೆಯಾಯಿತು. ಓದುಗ ಮೊದಲ ಸಾಲಿಗೇ ಬೇಸತ್ತು ಹಿಂದಿರುಗಿದರೂ, ಕೊನೆಯವರೆಗೆ ಓದಿ ಮತ್ತೆ ಮೇಲಿನಿಂದ ಕಣ್ಣಾಡಿಸಿದರೂ ಲೆಕ್ಕ ಒಂದೇ. ತಾರೆಯೊಬ್ಬರ ಮದುವೆಯ ಹತ್ತು ಚಿತ್ರಗಳನ್ನು ಹತ್ತು ಪುಟಗಳಾಗಿ ಒಡೆದು, ಪ್ರತಿ ಚಿತ್ರಕ್ಕೂ ‘ಮುಂದೆ’ ಗುಂಡಿ ಒತ್ತಿಸಿದರೆ ಅರೆ ನಿಮಿಷದಲ್ಲಿ ಒಬ್ಬರಿಂದಲೇ ಹತ್ತು ವೀಕ್ಷಣೆ ಸಿಗುತ್ತವೆ. ಅಡಿಕೆಯ ಎಲೆಚುಕ್ಕೆ ರೋಗದ ಕುರಿತ ಲೇಖನವನ್ನು ಬೆಳೆಗಾರರೊಬ್ಬರು ಹತ್ತು ನಿಮಿಷ ಕುಳಿತು ಓದಿ, ಔಷಧದ ಪ್ರಮಾಣವನ್ನು ಚೀಟಿಯಲ್ಲಿ ಬರೆದುಕೊಂಡರೆ ಸಿಗುವುದು ಒಂದೇ ಒಂದು. ಪುಟ ತಾನಾಗಿಯೇ ರಿಫ್ರೆಶ್ ಆಗುವಂತೆ ಮಾಡಿಟ್ಟರಂತೂ ಓದುಗ ಬೆರಳಾಡಿಸದಿದ್ದರೂ ಸಂಖ್ಯೆ ಏರುತ್ತದೆ.

ಇನ್ನೊಂದು ಬಗೆಯ ಓದು ಲೆಕ್ಕಕ್ಕೇ ಬರುವುದಿಲ್ಲ. ಮಲೆನಾಡಿನ ದುರ್ಬಲ ನೆಟ್‌ವರ್ಕ್‌ನಲ್ಲಿ ಅಕ್ಷರಗಳು ಮೂಡಿದರೂ ಆ ತುಣುಕು ಕೆಲಸ ಮಾಡುವ ಮೊದಲೇ ಸಂಪರ್ಕ ಕಡಿದುಹೋಗಬಹುದು. ಜಾಹೀರಾತು ತಡೆಯುವ ತಂತ್ರಾಂಶಗಳಲ್ಲಿ ಹಲವು ಆ ತುಣುಕನ್ನೂ ತಡೆಯುತ್ತವೆ. ಲೇಖನದ ಸ್ಕ್ರೀನ್‌ಶಾಟ್ ತೆಗೆದು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರೆ ಅಲ್ಲಿ ಎಷ್ಟು ಜನ ಓದಿದರೂ ಜಾಲತಾಣಕ್ಕೆ ತಿಳಿಯದು. ಮುದ್ರಿತ ಪತ್ರಿಕೆಯ ವಿಷಯದಲ್ಲಿ ನಮಗೆ ಈ ವಿವೇಕ ಇತ್ತು: 1948ರಲ್ಲಿ ಸ್ಥಾಪನೆಯಾದ ಆಡಿಟ್ ಬ್ಯೂರೊ ಆಫ್ ಸರ್ಕ್ಯುಲೇಶನ್ಸ್ ಪ್ರಸಾರವನ್ನಷ್ಟೇ, ಅಂದರೆ ಎಷ್ಟು ಪ್ರತಿಗಳು ಮಾರಾಟವಾಗುತ್ತವೆ ಎಂಬುದನ್ನಷ್ಟೇ, ಪ್ರಮಾಣೀಕರಿಸುತ್ತದೆ, ಓದುಗರೆಷ್ಟು ಎಂದು ತಿಳಿಯಲು ಬೇರೆಯೇ ಸಮೀಕ್ಷೆ ಬೇಕಾಗುತ್ತದೆ.

ಬೇರೆ ಅಳತೆಗೆ ಹೊಸ ಸಲಕರಣೆಯನ್ನೇನೂ ಹುಡುಕಬೇಕಾಗಿಲ್ಲ. 2023ರ ಜುಲೈಯಲ್ಲಿ ಗೂಗಲ್ ತನ್ನ ಹಳೆಯ ಅನಲಿಟಿಕ್ಸ್ ನಿಲ್ಲಿಸಿದ ಮೇಲೆ ಅದರ ಜಾಗಕ್ಕೆ ಬಂದಿರುವ ಜಿಎ4ರಲ್ಲಿ (ಗೂಗಲ್ ಅನಲಿಟಿಕ್ಸ್ 4), ಓದುಗ ಪುಟದ ಶೇ 90ರಷ್ಟು ಕೆಳಗಿಳಿದಾಗ ಅದನ್ನು ಪ್ರತ್ಯೇಕವಾಗಿ ದಾಖಲಿಸುವ ಸೌಲಭ್ಯವಿದೆ. ಪುಟ ಪರದೆಯ ಮೇಲೆ ಎಷ್ಟು ಹೊತ್ತು ಇತ್ತು ಎಂಬುದೂ ಸಿಗುತ್ತದೆ. ಇವೂ ಪರಿಪೂರ್ಣವಲ್ಲ, ಸರಸರನೆ ಬೆರಳು ಜಾರಿಸಿದವರೂ ಕೊನೆ ಮುಟ್ಟುತ್ತಾರೆ. ಆದರೂ ಎರಡನ್ನೂ ಒಟ್ಟಿಗೆ ನೋಡಿದರೆ ಎಲೆಚುಕ್ಕೆ ರೋಗದ ಲೇಖನಕ್ಕೂ ಮದುವೆಯ ಚಿತ್ರಗಳಿಗೂ ಇರುವ ಅಂತರ ಕಾಣುತ್ತದೆ. ಜಿಲ್ಲಾ ವರದಿಗಾರರು ವಾರಗಟ್ಟಲೆ ಓಡಾಡಿ ಬರೆದ ವರದಿಯನ್ನು ‘ವ್ಯೂ ಬರಲಿಲ್ಲ’ ಎಂಬ ಒಂದೇ ಮಾತಿನಿಂದ ಬದಿಗಿಡುವುದು ಅವರಿಗೂ ಓದುಗರಿಗೂ ಮಾಡುವ ಅನ್ಯಾಯ.

ಕನ್ನಡ ವಿಕಿಪೀಡಿಯದ ಯಾವುದೇ ಲೇಖನಕ್ಕೆ ದಿನಕ್ಕೆ ಎಷ್ಟು ವೀಕ್ಷಣೆ ಬಂದಿದೆ ಎಂಬುದನ್ನು, 2015ರ ಜುಲೈಯಿಂದ ಈಚಿನ ಅಂಕಿಗಳೊಂದಿಗೆ, ಯಾರು ಬೇಕಾದರೂ ನೋಡಬಹುದು. ಯಂತ್ರಗಳ (ತಾವಾಗಿಯೇ ಪುಟ ತೆರೆಯುವ ತಂತ್ರಾಂಶಗಳ) ಭೇಟಿಯನ್ನು ಅಲ್ಲಿ ಬೇರ್ಪಡಿಸಿ ತೋರಿಸುತ್ತಾರೆ. ಪತ್ರಿಕೆಗಳಿಂದ ಅಷ್ಟು ನಿರೀಕ್ಷಿಸುವುದು ಕಷ್ಟವಿರಬಹುದು. ಆದರೆ ‘ಹೆಚ್ಚು ಓದಿದ ಸುದ್ದಿ’ ಪಟ್ಟಿಯ ಕೆಳಗೆ ಅದನ್ನು ಯಾವ ಅಳತೆಯಿಂದ, ಎಷ್ಟು ಗಂಟೆಗಳ ಅವಧಿಗೆ ತಯಾರಿಸಲಾಗಿದೆ, ಚಿತ್ರಸಂಪುಟದ ಪ್ರತಿ ಚಿತ್ರವನ್ನೂ ಬೇರೆ ಪುಟವೆಂದು ಎಣಿಸಲಾಗಿದೆಯೇ ಎಂಬುದನ್ನು ಎರಡು ಸಾಲಿನಲ್ಲಿ ತಿಳಿಸುವಂತೆ ತಮ್ಮ ಪತ್ರಿಕೆಯನ್ನು ಕೋರುತ್ತೇನೆ.

ಇತಿ,
ನಿಮ್ಮ ಓದುಗ, ತೀರ್ಥಹಳ್ಳಿ