ಬಿಲ್ಲಿಂಗ್ ಯಂತ್ರಗಳ ಕೀಲಿ ಬದಲಾವಣೆಯ ಕುರಿತು

ಮಾಟುಂಗ, ಮುಂಬಯಿ

ಮಾನ್ಯ ಗ್ರಾಹಕರಿಗೆ ನಮಸ್ಕಾರಗಳು.

ತಮ್ಮ ಹೋಟೆಲು, ಅಂಗಡಿಗಳಲ್ಲಿ ನಾವು ಕೂರಿಸಿರುವ ಬಿಲ್ಲಿಂಗ್ ಯಂತ್ರಗಳು ರಾತ್ರಿ ಲೆಕ್ಕ ಕಳುಹಿಸುವಾಗ ಬಳಸುವ ಗುಪ್ತ ಕೀಲಿಗಳನ್ನು (ಲೆಕ್ಕ ಯಾವ ಯಂತ್ರದಿಂದ ಬಂತೆಂದು ಖಚಿತಪಡಿಸುವ ರಹಸ್ಯ ಸಂಖ್ಯೆಗಳನ್ನು) ಈ ತಿಂಗಳು ಬದಲಾಯಿಸುತ್ತಿದ್ದೇವೆ. ಹೊಸ ಕೀಲಿ ತಯಾರಾಗುವಾಗ ಯಂತ್ರ ಒಂದೆರಡು ನಿಮಿಷ ಸುಮ್ಮನೆ ನಿಂತಂತೆ ಕಾಣಬಹುದು. ಕೆಟ್ಟಿತೆಂದು ತಿಳಿದು ದಯವಿಟ್ಟು ಸ್ವಿಚ್ ಆರಿಸಬಾರದು.

ತಪ್ಪು ನಮ್ಮದೇ. ಕೆಲಸ ಬೇಗ ಮುಗಿಯಲೆಂದು ಒಂದೇ ಮೆಮರಿ ಕಾರ್ಡನ್ನು ಸಿದ್ಧಪಡಿಸಿ, ಅದರ ಪ್ರತಿಗಳನ್ನು ಎಲ್ಲ ಯಂತ್ರಗಳಿಗೂ ಹಾಕುತ್ತಿದ್ದೆವು. ಕಳೆದ ತಿಂಗಳು ರಿಪೇರಿಗೆ ಬಂದ ಎರಡು ಯಂತ್ರಗಳನ್ನು, ಒಂದು ಗೋರೆಗಾಂವಿನದು, ಇನ್ನೊಂದು ಠಾಣೆಯದು, ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಎರಡರ ಕೀಲಿಯ ಗುರುತಿನ ಸಾಲು (ಕೀಲಿಯನ್ನು ಗುರುತಿಸುವ ಅಕ್ಷರಗಳ ಸಾಲು) ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಒಂದೇ ಆಗಿತ್ತು. ಒಂದು ಅಂಗಡಿಯ ಯಂತ್ರ ಇನ್ನೊಂದರ ಹೆಸರಿನಲ್ಲಿ ಲೆಕ್ಕ ಕಳುಹಿಸಲು ಇದರಿಂದ ಸಾಧ್ಯವಿತ್ತು. ಹಾಗೆ ನಡೆದ ಗುರುತು ನಮ್ಮ ಸರ್ವರಿನ ದಾಖಲೆಗಳಲ್ಲಿ ಸಿಕ್ಕಿಲ್ಲ.

ಕೀಲಿಗೆ ಬೇಕಾದ, ಊಹೆಗೆ ಸಿಗದ ಸಂಖ್ಯೆಯನ್ನು ಕಂಪ್ಯೂಟರು ಬರೀ ಲೆಕ್ಕದಿಂದ ಹುಟ್ಟಿಸಲಾರದು. ಕೀಬೋರ್ಡ್ ಒತ್ತುವ, ಡಿಸ್ಕ್ ಓದುವ, ನೆಟ್‌ವರ್ಕಿನಿಂದ ಮಾಹಿತಿ ಬರುವ ಹೊತ್ತಿನ ಅತಿಸೂಕ್ಷ್ಮ ಏರುಪೇರುಗಳನ್ನು ಅದು ಕೂಡಿಡುತ್ತದೆ. ಕೀಬೋರ್ಡೂ ಡಿಸ್ಕೂ ಇಲ್ಲದ ನಮ್ಮ ಚಿಕ್ಕ ಯಂತ್ರದಲ್ಲಿ, ಆಗತಾನೇ ಆನ್ ಮಾಡಿದಾಗ, ಈ ಸಂಗ್ರಹ ಬಹುತೇಕ ಖಾಲಿ. ಇದ್ದದ್ದು ಕಾರ್ಡಿನೊಂದಿಗೆ ನಕಲಾಗಿ ಬಂದ ಹಳೆಯ ಬೀಜಸಂಖ್ಯೆ, ಎಂದರೆ ಇಂಥ ಸಂಖ್ಯೆಗಳನ್ನು ಹುಟ್ಟಿಸಲು ಆರಂಭಕ್ಕೆ ಬಳಸುವ ಸಂಖ್ಯೆ, ಮಾತ್ರ. ನಮ್ಮ ಪ್ರೋಗ್ರಾಂ ಕಾಯದೆ ಅದರಿಂದಲೇ ಕೀಲಿ ಮಾಡಿತು.

ಕೀಲಿ ಉದ್ದವಾಗಿದ್ದರೆ ಸಾಕೆಂದು ನಾವೂ ನಂಬಿದ್ದೆವು. ಆದರೆ 2006ರಿಂದ 2008ರವರೆಗೆ ಡೆಬಿಯನ್ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಕೀಲಿ ತಯಾರಿಸುವ ಓಪನ್‌ಎಸ್‌ಎಸ್‌ಎಲ್ ತಂತ್ರಾಂಶದಲ್ಲಿದ್ದ ದೋಷದಿಂದಾಗಿ, 2048 ಬಿಟ್‌ನಷ್ಟು ಉದ್ದದ ಕೀಲಿಗೂ ಒಂದು ಬಗೆಯ ಕಂಪ್ಯೂಟರಿನಲ್ಲಿ ಸುಮಾರು 32 ಸಾವಿರ ಸಾಧ್ಯತೆಗಳಷ್ಟೇ ಉಳಿದಿದ್ದವು. ಅಷ್ಟನ್ನು ಒಂದೊಂದಾಗಿ ಪ್ರಯತ್ನಿಸಿ ನೋಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ.

ಈಗ ಮೂಲ ಕಾರ್ಡಿನಿಂದ ಬೀಜಸಂಖ್ಯೆಯನ್ನು ಅಳಿಸಿದ್ದೇವೆ. 2014ರಲ್ಲಿ ಲಿನಕ್ಸ್ 3.17ರೊಂದಿಗೆ ಬಂದ ಗೆಟ್‌ರ‍್ಯಾಂಡಮ್ ಎಂಬ ಸೌಲಭ್ಯವನ್ನು ಬಳಸುತ್ತಿದ್ದೇವೆ. ಸಂಗ್ರಹ ಸಾಲದಿದ್ದರೆ ಅದು ಆರಂಭದಲ್ಲಿ ಕಾಯುತ್ತದೆ, ಒಮ್ಮೆ ಸಾಕಷ್ಟು ಕೂಡಿದ ಮೇಲೆ ತಡೆಯುವುದಿಲ್ಲ. ವೇಗವನ್ನು ಬೇರೆ ಕಡೆ ಗಳಿಸಿದ್ದೇವೆ. ಹಳೆಯ ಆರ್‌ಎಸ್‌ಎ ಎಂಬ ಬಗೆಯ ಕೀಲಿಗೆ ದೊಡ್ಡ ಅವಿಭಾಜ್ಯ ಸಂಖ್ಯೆಗಳೆರಡನ್ನು ಹುಡುಕಬೇಕಿತ್ತು, ಹೊಸ ಎಡ್25519 ಎಂಬ ಬಗೆಯ ಕೀಲಿಗೆ ಊಹೆಗೆ ಸಿಗದ 32 ಬೈಟ್‌ಗಳಷ್ಟೇ ಸಾಕು.

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು ನಮ್ಮ ಹುಡುಗರು ಬರುತ್ತಾರೆ. ಇದಕ್ಕೆ ಶುಲ್ಕವಿಲ್ಲ. ಕೀಲಿ ಬದಲಾದ ಕೂಡಲೇ ಹೊಸ ಗುರುತಿನ ಸಾಲನ್ನು ಬಿಲ್ ಕಾಗದದ ಮೇಲೆಯೇ ಮುದ್ರಿಸಿ ತಮ್ಮ ಕೈಗೆ ಕೊಡುತ್ತಾರೆ. ಅದನ್ನು ಗಲ್ಲಾಪೆಟ್ಟಿಗೆಯಲ್ಲಿ ಜೋಪಾನವಾಗಿಡಬೇಕಾಗಿ ವಿನಂತಿ.

ಇತಿ ತಮ್ಮ ವಿಶ್ವಾಸಿ,
ವ್ಯವಸ್ಥಾಪಕ